ಹೊಸ ಕಾರಿಗೆ ಹೊಳಪಿನ ಲೇಪ: ಬೇಕಾ, ಬೇಡ್ವಾ?

ಮಕ್ಕಳೇ, ನಿಮ್ಮ ಮನೇಲಿ ಹೊಸ ಕಾರು ತಗೊಳ್ಳೋ ಮಾತು ನಡೀತಾ ಇದ್ದರೆ ಈ ಲೇಖನವನ್ನು ಅಪ್ಪ ಅಮ್ಮನ ಜೊತೆ ಕೂತು ಓದಿ. ಮಾತು ನಡೀತಾ ಇಲ್ಲದಿದ್ದರೂ ಓದಿ. ನಮ್ಮ ಮಿಷಿಗನ್‌ನಲ್ಲಿ ಕಾರಿಲ್ಲದೆ ಹಾಲು ತರೋಕೂ ಆಗಲ್ಲ, ಕನ್ನಡ ಶಾಲೆಗೆ ಬರೋಕೂ ಆಗಲ್ಲ. ಹಾಗಾಗಿ ಇವತ್ತಲ್ಲ ನಾಳೆ ಎಲ್ಲರ ಮನೆಗೂ ಈ ಪ್ರಶ್ನೆ ಬಂದೇ ಬರುತ್ತೆ: ಕಾರಿನ ಬಣ್ಣ ಕಾಪಾಡುತ್ತೆ ಅಂತ ಹೇಳಿ ಮಾರುವ ದುಬಾರಿ ಪೇಂಟ್ ಸೀಲಂಟ್ ಕೊಳ್ಳಬೇಕೋ, ಬೇಡವೋ?

ಸೀಲಂಟ್ ಅಂದರೆ ಕಾರಿನ ಬಣ್ಣದ ಮೇಲೆ ಹಚ್ಚುವ, ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಲೇಪ. ಇದರಲ್ಲಿ ಸ್ವಲ್ಪ ವಿಜ್ಞಾನ ಇದೆ, ಸ್ವಲ್ಪ ಲೆಕ್ಕ ಇದೆ, ಮರ್ಯಾದೆಯಿಂದ "ಬೇಡ" ಅಂತ ಹೇಳೋದು ಹೇಗೆ ಅನ್ನುವ ಪಾಠವೂ ಇದೆ. ಒಂದೊಂದಾಗಿ ನೋಡೋಣ.

ಆ ಚಿಕ್ಕ ಕೋಣೆ

ಕಾರು ಕೊಳ್ಳುವ ದಿನ ಹೇಗಿರುತ್ತೆ ಅಂತ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಟೆಸ್ಟ್ ಡ್ರೈವ್ ಆಯ್ತು, ಚೌಕಾಸಿ ಆಯ್ತು, ಬೆಲೆ ಕುದುರಿತು. ಇನ್ನೇನು ಕೀ ಕೊಡ್ತಾರೆ ಅಂದುಕೊಳ್ಳುವಾಗ ಇನ್ನೊಂದು ಚಿಕ್ಕ ಕೋಣೆಗೆ ಕರೆದುಕೊಂಡು ಹೋಗ್ತಾರೆ. ಅದು ಫೈನಾನ್ಸ್ ಆಫೀಸ್. ಅಲ್ಲಿ ಕೂತವರು ಸಾಲದ ಕಾಗದಗಳ ಜೊತೆಗೆ ಹೋಟೆಲಿನ ಮೆನು ಥರದ ಒಂದು ಹಾಳೆಯನ್ನೂ ಮುಂದಿಡ್ತಾರೆ. ಹೆಚ್ಚುವರಿ ವಾರಂಟಿ, ಟೈರಿಗೆ ವಿಮೆ, ಸೀಟಿನ ಬಟ್ಟೆಗೆ ರಕ್ಷಣೆ, ಬಣ್ಣಕ್ಕೆ ರಕ್ಷಣೆ. "ತಿಂಗಳಿಗೆ ಬರೀ 18 ಡಾಲರ್" ಅಂತಾರೆ.

ಅಷ್ಟೊತ್ತಿಗೆ ರಾತ್ರಿ ಎಂಟು ಗಂಟೆ ಆಗಿರುತ್ತೆ. ಚಿಕ್ಕವರಿಗೆ ಹಸಿವು, ಅಮ್ಮನಿಗೆ ಸುಸ್ತು, ಅಪ್ಪನಿಗೆ "ಬೇಡ" ಅನ್ನೋಕೆ ಸಂಕೋಚ. ಅದರಲ್ಲೂ ಈ ದೇಶಕ್ಕೆ ಹೊಸದಾಗಿ ಬಂದು ಮೊದಲ ಕಾರು ಕೊಳ್ಳುತ್ತಿರುವ ಮನೆಯವರಿಗೆ, ಇದೂ ಕಾರಿನ ಭಾಗವೇ ಇರಬೇಕು, ಎಲ್ಲರೂ ತಗೊಳ್ತಾರೇನೋ ಅನ್ನಿಸಿಬಿಡುತ್ತೆ. ಆ ಒಂದು ಕ್ಷಣದ ಸಂಕೋಚಕ್ಕೆ ನೂರಾರು ಡಾಲರ್ ಬೆಲೆ ಇದೆ. ಅದು ಊರಿಗೆ ಹೋಗುವ ಟಿಕೆಟ್ಟಿಗೆ ಅಂತ ಎತ್ತಿಟ್ಟ ದುಡ್ಡೂ ಆಗಿರಬಹುದು, ನಿಮ್ಮ ಈಜು ಕ್ಲಾಸಿನ ದುಡ್ಡೂ ಆಗಿರಬಹುದು. ಅದಕ್ಕೇ ಆ ಕೋಣೆಗೆ ಹೋಗುವ ಮೊದಲೇ, ಮನೆಯಲ್ಲೇ, ವಿಷಯ ತಿಳಿದುಕೊಂಡಿರೋದು ಒಳ್ಳೆಯದು.

ಬಣ್ಣದ ಕೆಳಗೆ ಬಣ್ಣ

ಕಾರಿನ ಬಣ್ಣ ಅಂದರೆ ಒಂದೇ ಪದರ ಅಲ್ಲ. ಸಾಮಾನ್ಯವಾಗಿ ನಾಲ್ಕು ಪದರ ಇರುತ್ತೆ. ಕಾರ್ಖಾನೆಯಲ್ಲಿ ಮೊದಲು ಕಾರಿನ ಇಡೀ ಕಬ್ಬಿಣದ ದೇಹವನ್ನು ಒಂದು ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸ್ತಾರೆ. ಆಗ ತೊಟ್ಟಿಯಲ್ಲಿರುವ ಬಣ್ಣ ಮೂಲೆಮೂಲೆಗೂ ಹೋಗಿ ಅಂಟಿಕೊಳ್ಳುತ್ತೆ. ಇದು ತುಕ್ಕು ತಡೆಯುವ ಪದರ. ಅದರ ಮೇಲೆ ಪ್ರೈಮರ್. ಅದರ ಮೇಲೆ ನಾವು ನೋಡುವ ಕೆಂಪು, ನೀಲಿ, ಬಿಳಿ ಬಣ್ಣ. ಎಲ್ಲಕ್ಕಿಂತ ಮೇಲೆ ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್.

ಇವೆಲ್ಲ ಸೇರಿ ಎಷ್ಟು ದಪ್ಪ ಗೊತ್ತಾ? ಸುಮಾರು 100ರಿಂದ 150 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನಲ್ಲಿ ಸಾವಿರದ ಒಂದು ಭಾಗ. ನಿಮ್ಮ ಪ್ರಿಂಟರಿನ ಹಾಳೆ ಸುಮಾರು 100 ಮೈಕ್ರಾನ್ ದಪ್ಪ ಇರುತ್ತೆ. ಅಂದರೆ ಕಾರಿನ ಅಷ್ಟೂ ಬಣ್ಣ ಒಂದು ಅಥವಾ ಒಂದೂವರೆ ಹಾಳೆಯಷ್ಟು ದಪ್ಪ, ಅಷ್ಟೇ! ಅದರಲ್ಲಿ ಕ್ಲಿಯರ್ ಕೋಟ್ ಅರ್ಧ ಹಾಳೆಯಷ್ಟಿರುತ್ತೆ.

ಹಿಂದಿನ ಕಾಲದಲ್ಲಿ ಹೀಗಿರಲಿಲ್ಲ. ನೂರು ವರ್ಷದ ಹಿಂದೆ ಕಾರಿನ ಬಣ್ಣ ಒಣಗೋಕೆ ವಾರಗಟ್ಟಲೆ ಹಿಡಿಯುತ್ತಿತ್ತು. 1923ರಲ್ಲಿ ಡ್ಯೂಪಾಂಟ್ ಕಂಪನಿಯ ಡ್ಯೂಕೋ ಎಂಬ ಬೇಗ ಒಣಗುವ ಬಣ್ಣ ಬಂತು. ಅದನ್ನು ಮೊದಲು ಹಚ್ಚಿಕೊಂಡಿದ್ದು ನಮ್ಮ ಪಾಂಟಿಯಾಕ್ ಊರಿನ ಓಕ್‌ಲ್ಯಾಂಡ್ ಕಾರು. ಅಂಥ ಬಣ್ಣಗಳಿಗೆ ಕ್ಲಿಯರ್ ಕೋಟಿನ ಕಾವಲು ಇರಲಿಲ್ಲ. ಮತ್ತೆ ಮತ್ತೆ ತಿಕ್ಕಿ ಮೇಣ ಹಚ್ಚದಿದ್ದರೆ ಹೊಳಪು ಮಂಕಾಗುತ್ತಿತ್ತು. 1980ರ ದಶಕದಲ್ಲಿ ಕ್ಲಿಯರ್ ಕೋಟ್ ಎಲ್ಲ ಕಡೆ ಬಳಕೆಗೆ ಬಂತು. ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುವ ವಸ್ತುಗಳನ್ನು ಅದರೊಳಗೇ ಬೆರೆಸಿರುತ್ತಾರೆ. ಆದ್ದರಿಂದ ಇದನ್ನು ನೆನಪಿಟ್ಟುಕೊಳ್ಳಿ: ಹೊಸ ಕಾರು ಕಾರ್ಖಾನೆಯಿಂದ ಬರುವಾಗಲೇ ರಕ್ಷಣೆಯ ಅಂಗಿ ತೊಟ್ಟುಕೊಂಡೇ ಬಂದಿರುತ್ತೆ. ಸೀಲಂಟ್ ಅನ್ನೋದು ಆ ಅಂಗಿಯ ಮೇಲೆ ಹೊದೆಯುವ ಇನ್ನೊಂದು ತೆಳು ಶಲ್ಯ.

ಕೆಸುವಿನ ಎಲೆಯ ಪಾಠ

ನಿಮ್ಮಜ್ಜಿ ಮಲೆನಾಡಿನವರೋ ಕರಾವಳಿಯವರೋ ಆಗಿದ್ದರೆ ಪತ್ರೊಡೆ ತಿಂದಿರ್ತೀರಿ. ಆ ಪತ್ರೊಡೆ ಮಾಡುವ ಕೆಸುವಿನ ಎಲೆಯನ್ನು ನಲ್ಲಿ ಕೆಳಗೆ ಹಿಡಿದು ನೋಡಿ. ನೀರು ಎಲೆಗೆ ಅಂಟೋದೇ ಇಲ್ಲ. ಮುತ್ತಿನ ಹಾಗೆ ದುಂಡಗಾಗಿ ಉರುಳಿ ಹೋಗುತ್ತೆ, ಹೋಗುವಾಗ ಧೂಳನ್ನೂ ಎಳೆದುಕೊಂಡು ಹೋಗುತ್ತೆ. ತಾವರೆ ಎಲೆಯದೂ ಇದೇ ಗುಣ.

ಇದು ಯಾಕೆ ಹೀಗೆ ಅಂತ ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಬಾರ್ಥ್‌ಲಾಟ್ ತಮ್ಮ ಸಹೋದ್ಯೋಗಿಯ ಜೊತೆ ಸೇರಿ 1997ರಲ್ಲಿ ವಿವರವಾಗಿ ಬರೆದರು. ಎಲೆಯ ಮೇಲೆ ಕಣ್ಣಿಗೆ ಕಾಣದ ಪುಟ್ಟ ಪುಟ್ಟ ಉಬ್ಬುಗಳಿರುತ್ತವೆ. ಅವುಗಳ ಮೇಲೆ ಮೇಣ ಇರುತ್ತೆ. ನೀರಿನ ಹನಿ ಉಬ್ಬುಗಳ ತುದಿಯನ್ನಷ್ಟೇ ಮುಟ್ಟಿ ನಿಲ್ಲುತ್ತೆ. ಹಿಡಿದುಕೊಳ್ಳೋಕೆ ಜಾಗ ಸಿಗದೆ ಜಾರಿ ಹೋಗುತ್ತೆ.

ಕಾರಿನ ಲೇಪಗಳು ಮಾಡೋದು ಇದರಲ್ಲಿ ಅರ್ಧ ಕೆಲಸ. ಅವುಗಳಲ್ಲಿ ಮೇಣದ ಗುಣ ಇದೆ, ಎಲೆಯ ಉಬ್ಬುಗಳಿಲ್ಲ. ಹಾಗಾಗಿ ನೀರು ಹನಿಹನಿಯಾಗಿ ನಿಲ್ಲುತ್ತೆ, ಆದರೆ ಕೆಸುವಿನ ಎಲೆಯಷ್ಟು ದುಂಡಗಾಗಲ್ಲ. ಅಂಗಡಿಯಲ್ಲಿ ಸಿಗುವ ಲೇಪಗಳಲ್ಲಿ ಮೂರು ಜಾತಿ. ಮೊದಲನೆಯದು ಮೇಣ. ಬ್ರೆಜಿಲ್ ದೇಶದ ಕಾರ್ನೌಬಾ ಎಂಬ ತಾಳೆ ಜಾತಿಯ ಮರದ ಎಲೆಯಿಂದ ತೆಗೆಯೋದು ಹೆಸರುವಾಸಿ. ಇದು ಕೆಲವು ವಾರಗಳಿಂದ ಒಂದೆರಡು ತಿಂಗಳು ಉಳಿಯುತ್ತೆ. ಎರಡನೆಯದು ಪಾಲಿಮರ್ ಸೀಲಂಟ್. ಇದು ಪ್ರಯೋಗಶಾಲೆಯಲ್ಲಿ ತಯಾರಾದದ್ದು, ಕೆಲವು ತಿಂಗಳು ಉಳಿಯುತ್ತೆ. ಮೂರನೆಯದು ಸಿರಾಮಿಕ್ ಕೋಟಿಂಗ್. ಮರಳು, ಗಾಜುಗಳಲ್ಲಿರುವ ಸಿಲಿಕಾದ ಸಂಬಂಧಿ ಇದು. ಸರಿಯಾಗಿ ಹಚ್ಚಿದರೆ ಒಂದೆರಡು ವರ್ಷವೋ ಇನ್ನೂ ಹೆಚ್ಚೋ ಉಳಿಯುತ್ತೆ.

ಏನು ಮಾಡುತ್ತೆ, ಏನು ಮಾಡಲ್ಲ

ಒಳ್ಳೆಯ ಲೇಪ ಹಚ್ಚಿದ ಕಾರನ್ನು ತೊಳೆಯೋದು ಸುಲಭ. ಧೂಳು, ಹುಳು, ಮರದ ಅಂಟು ಬೇಗ ಬಿಡುತ್ತೆ. ಹಕ್ಕಿಯ ಹಿಕ್ಕೆ ಬಿದ್ದರೆ ಅದು ಮೊದಲು ಲೇಪವನ್ನು ತಿನ್ನುತ್ತೆ, ಆಮೇಲೆ ಬಣ್ಣ. ಅಷ್ಟರಲ್ಲಿ ಒರೆಸಿಬಿಡೋಕೆ ನಮಗೆ ಸ್ವಲ್ಪ ಸಮಯ ಸಿಗುತ್ತೆ. ಹೊಳಪೂ ಚೆನ್ನಾಗಿರುತ್ತೆ. ಇದೆಲ್ಲ ನಿಜವಾದ ಲಾಭ. ಸೀಲಂಟ್ ಅನ್ನೋದೇ ಮೋಸ ಅಂತ ಯಾರಾದರೂ ಹೇಳಿದರೆ ಅದು ಸರಿಯಲ್ಲ.

ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಈ ಲೇಪದ ದಪ್ಪ ಒಂದು ಮೈಕ್ರಾನಿನ ಆಸುಪಾಸು, ಸಿರಾಮಿಕ್ ಆದರೆ ಹೆಚ್ಚೆಂದರೆ ಕೆಲವು ಮೈಕ್ರಾನ್. ಫ್ರೀವೇಯಲ್ಲಿ ಮುಂದಿನ ಲಾರಿಯ ಚಕ್ರದಿಂದ ಹಾರಿ ಬರುವ ಕಲ್ಲಿಗೆ ಅದು ಯಾವ ಲೆಕ್ಕ? ಕಲ್ಲು ತಡೆಯೋಕೆ ಬೇರೆಯೇ ಒಂದು ವಸ್ತು ಇದೆ. ಅದು 150ರಿಂದ 200 ಮೈಕ್ರಾನ್ ದಪ್ಪದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಅದನ್ನು ಬಣ್ಣದ ಮೇಲೆ ಅಂಟಿಸ್ತಾರೆ, ಅದರ ಬೆಲೆಯೂ ಜಾಸ್ತಿ. ಸೀಲಂಟಿನ ಜೊತೆ ಅದನ್ನು ಕಲಸಿಕೊಳ್ಳಬೇಡಿ.

ಅಂಗಡಿ ಪಾರ್ಕಿಂಗಿನಲ್ಲಿ ತಳ್ಳುಗಾಡಿ ತಾಗಿ ಆಗುವ ಗೀರನ್ನೂ ಸೀಲಂಟ್ ತಡೆಯಲ್ಲ. ಬ್ರಷ್ ಇರುವ ಕಾರ್ ವಾಷ್‌ನಲ್ಲಿ ಬೀಳುವ ಸುತ್ತುಸುತ್ತು ಗೆರೆಗಳನ್ನೂ ಪೂರ್ತಿ ತಡೆಯಲ್ಲ.

ಇನ್ನು ತುಕ್ಕಿನ ವಿಷಯ. ನಮ್ಮ ಕಡೆ "ಇಲ್ಲಿ ಚಳಿಗಾಲದಲ್ಲಿ ಉಪ್ಪು ಹಾಕ್ತಾರಲ್ಲ, ಅದಕ್ಕೇ ಇದು ಬೇಕು" ಅಂತ ಹೇಳಿ ಮಾರೋದು ಸಾಮಾನ್ಯ. ಉಪ್ಪು ನಿಜ. ಡೆಟ್ರಾಯಿಟ್ ಊರಿನ ಕೆಳಗೆ 1,100 ಅಡಿಗೂ ಹೆಚ್ಚು ಆಳದಲ್ಲಿ ಉಪ್ಪಿನ ಗಣಿಯೇ ಇದೆ. ರಸ್ತೆಗೆ ಹಾಕುವ ಉಪ್ಪು ಅಲ್ಲಿಂದಲೂ ಬರುತ್ತೆ. ಆದರೆ ಆ ಉಪ್ಪು ಕಾರನ್ನು ತಿನ್ನೋದು ಹೆಚ್ಚಾಗಿ ಕೆಳಗಿನಿಂದ: ತಳ, ಚಕ್ರದ ಸಂದು, ಬಾಗಿಲಿನ ಅಂಚು, ಕಲ್ಲು ಬಡಿದು ಬಣ್ಣ ಕಿತ್ತುಹೋದ ಜಾಗ. ಮೇಲೆ ಹೊಳೆಯುವ ಬಾನೆಟ್ಟಿಗೆ ಹಚ್ಚಿದ ಲೇಪ ಕೆಳಗಿನ ತಳವನ್ನು ಕಾಯಲ್ಲ. ಉಪ್ಪಿಗೆ ಮದ್ದು ನೀರು. ಚಳಿಗಾಲದಲ್ಲಿ ಹವೆ ಸ್ವಲ್ಪ ಬೆಚ್ಚಗಾದ ದಿನ ತಳಕ್ಕೂ ನೀರು ಹೊಡೆಯುವ ಕಾರ್ ವಾಷ್‌ಗೆ ಹೋಗಿ ಬಂದರೆ ಅದೇ ದೊಡ್ಡ ಉಪಕಾರ.

ಇನ್ನೊಂದು ಮಾತು. ನೀರು ಹನಿಯಾಗಿ ನಿಲ್ಲೋದನ್ನು ನೋಡಿ ಎಲ್ಲರಿಗೂ ಖುಷಿ ಆಗುತ್ತೆ. ಆದರೆ ಸ್ಪ್ರಿಂಕ್ಲರ್ ನೀರಿನ ಹನಿ ಬಿಸಿಲಲ್ಲಿ ಹಾಗೇ ಒಣಗಿದರೆ ನೀರಿನಲ್ಲಿದ್ದ ಸುಣ್ಣದ ಅಂಶ ಬಿಳಿ ಬಳೆಯ ಹಾಗೆ ಕಲೆ ಉಳಿಸುತ್ತೆ. ಲೇಪ ಇದ್ದರೂ ಒರೆಸುವ ಕೆಲಸ ತಪ್ಪಲ್ಲ.

ಈಗ ಲೆಕ್ಕ ಮಾಡೋಣ

ದೊಡ್ಡ ತರಗತಿಯ ಮಕ್ಕಳು ಪೆನ್ಸಿಲ್ ತಗೊಳ್ಳಿ. ಉದಾಹರಣೆಗೆ ಸೀಲಂಟಿನ ಬೆಲೆ 900 ಡಾಲರ್ ಅಂತ ಇಟ್ಟುಕೊಳ್ಳೋಣ. ಅದನ್ನು ಕಾರಿನ ಸಾಲಕ್ಕೇ ಸೇರಿಸ್ತಾರೆ. ಸಾಲ 5 ವರ್ಷದ್ದು, ಅಂದರೆ 60 ಕಂತು. ಬಡ್ಡಿ ವರ್ಷಕ್ಕೆ ನೂರಕ್ಕೆ 7. ಆಗ ತಿಂಗಳಿಗೆ ಹೆಚ್ಚಾಗೋದು ಸುಮಾರು 17 ಡಾಲರ್ 82 ಸೆಂಟ್. ಕೇಳೋಕೆ ಸಣ್ಣದು, ಅಲ್ವಾ? 60ರಿಂದ ಗುಣಿಸಿ. ಸುಮಾರು 1,069 ಡಾಲರ್! ಅಂದರೆ 900 ಡಾಲರಿನ ವಸ್ತುವಿಗೆ 169 ಡಾಲರ್ ಬಡ್ಡಿ ಬೇರೆ. ಲೇಪ ಸವೆದು ಹೋದ ಮೇಲೂ ಅದರ ಕಂತು ಮಾತ್ರ ನಡೀತಾನೇ ಇರುತ್ತೆ.

ಈಗ ಇನ್ನೊಂದು ಕಡೆ ಲೆಕ್ಕ ಹಾಕಿ. ಆಟೋ ಪಾರ್ಟ್ಸ್ ಅಂಗಡಿಯಲ್ಲಿ ಒಂದು ಬಾಟಲಿ ಸೀಲಂಟ್ 25 ಡಾಲರ್ ಅಂತ ಇಟ್ಟುಕೊಳ್ಳೋಣ. ವರ್ಷಕ್ಕೊಂದು ಬಾಟಲಿ ಖರ್ಚಾದರೂ 5 ವರ್ಷಕ್ಕೆ 125 ಡಾಲರ್. ಜೊತೆಗೆ ವರ್ಷಕ್ಕೆ ಎರಡು ಮೂರು ಸಲ ಮನೆಯವರೆಲ್ಲ ಸೇರಿ ಒಂದು ಗಂಟೆ ಕೆಲಸ. ವ್ಯತ್ಯಾಸ 944 ಡಾಲರ್. ನಿಮಗೆ ಡೀಲರ್ ಹೇಳಿದ ಬೆಲೆ, ನಿಮ್ಮ ಬಡ್ಡಿ ದರ, ನಿಮ್ಮ ಅಂಗಡಿಯ ಬಾಟಲಿ ಬೆಲೆ ಹಾಕಿ ಇದನ್ನೇ ಮತ್ತೆ ಮಾಡಿ ನೋಡಿ. ಉತ್ತರ ಬೇರೆ ಬರಬಹುದು, ಮಾಡುವ ರೀತಿ ಮಾತ್ರ ಇದೇ. "ತಿಂಗಳಿಗೆ ಎಷ್ಟು?" ಅನ್ನೋದರ ಜೊತೆ "ಒಟ್ಟು ಎಷ್ಟು?" ಅಂತಲೂ ಕೇಳಬೇಕು. ಇಲ್ಲದಿದ್ದರೆ ಮೂಗಿಗಿಂತ ಮೂಗುತಿ ಭಾರ ಆಗಿಬಿಡುತ್ತೆ.

ಕಾಗದದಲ್ಲಿ ಏನಿದೆ?

ಡೀಲರ್ ಹೇಳ್ತಾರೆ: "ನಮ್ಮದು ಬರೀ ಲೇಪ ಅಲ್ಲ, ಅದರ ಜೊತೆ 5 ವರ್ಷದ ಗ್ಯಾರಂಟಿ." ಆಗ ಆ ಗ್ಯಾರಂಟಿಯ ಕಾಗದ ಕೊಡಿ ಅಂತ ಕೇಳಿ ಓದಬೇಕು. ಇಂಥ ಕಾಗದಗಳಲ್ಲಿ ಸಾಮಾನ್ಯವಾಗಿ ಕಲ್ಲೇಟು, ಗೀರು, ಅಪಘಾತ ಸೇರಿರಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸಬೇಕು, ಕಲೆ ಕಂಡ ಇಷ್ಟು ದಿನದೊಳಗೆ ತಿಳಿಸಬೇಕು ಅನ್ನುವ ಷರತ್ತುಗಳೂ ಇರಬಹುದು. ಷರತ್ತು ತಪ್ಪಿದರೆ ಗ್ಯಾರಂಟಿ ಇಲ್ಲ. ಅಪ್ಪ ಅಮ್ಮನಿಗೆ ಸಣ್ಣ ಅಕ್ಷರ ಓದೋಕೆ ಕಷ್ಟ ಆದರೆ, ಮಕ್ಕಳೇ, ಆ ಕೆಲಸ ನಿಮ್ಮದು. "ಏನೇನು ಸೇರಿಲ್ಲ" ಅಂತ ಬರೆದಿರುವ ಭಾಗವನ್ನು ಮೊದಲು ಓದಿ.

"ಇದನ್ನು ಹಾಕಿಸದಿದ್ದರೆ ಕಾರಿನ ವಾರಂಟಿ ಹೋಗುತ್ತೆ" ಅಂತ ಯಾರಾದರೂ ಅಂದರೆ ಹೆದರಬೇಡಿ. 1975ರ ಮ್ಯಾಗ್ನುಸನ್–ಮಾಸ್ ವಾರಂಟಿ ಕಾನೂನಿನ ಪ್ರಕಾರ, ಇಂಥದ್ದೇ ಬ್ರ್ಯಾಂಡಿನ ವಸ್ತು ದುಡ್ಡು ಕೊಟ್ಟು ಕೊಂಡರೆ ಮಾತ್ರ ವಾರಂಟಿ ಅಂತ ಕಂಪನಿಗಳು ಸಾಮಾನ್ಯವಾಗಿ ಷರತ್ತು ಹಾಕುವಂತಿಲ್ಲ.

ಕಿಟಕಿಯ ಮೇಲೂ ಕಣ್ಣಿಡಿ. ಹೊಸ ಕಾರಿನ ಗಾಜಿಗೆ ಅಂಟಿಸಿರುವ ದೊಡ್ಡ ಚೀಟಿಯಲ್ಲಿ ಕಂಪನಿಯ ಬೆಲೆ ಇರುತ್ತೆ. 1958ರ ಕಾನೂನಿನಿಂದ ಅದು ಕಡ್ಡಾಯವಾಯ್ತು. ಆ ಕಾನೂನು ತಂದ ಒಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ ಅವರ ಹೆಸರಿನಿಂದಲೇ ಅದನ್ನು ಮನ್ರೋನಿ ಸ್ಟಿಕರ್ ಅಂತ ಕರೀತಾರೆ. ಕೆಲವು ಕಡೆ ಅದರ ಪಕ್ಕದಲ್ಲಿ ಇನ್ನೊಂದು ಚೀಟಿ ಇರುತ್ತೆ. ಅದು ಡೀಲರ್ ತಾವೇ ಅಂಟಿಸಿದ್ದು. "ಬಣ್ಣದ ರಕ್ಷಣೆ" ಅಂತ ಅದರಲ್ಲಿ ಮೊದಲೇ ಸೇರಿಸಿರಬಹುದು. "ಈಗಾಗಲೇ ಹಚ್ಚಿಬಿಟ್ಟಿದ್ದೀವಿ" ಅಂದರೂ, "ನಾವು ಕೇಳಿರಲಿಲ್ಲ, ಆ ಮೊತ್ತ ತೆಗೀರಿ" ಅಂತ ಕೇಳೋದರಲ್ಲಿ ತಪ್ಪೇನಿಲ್ಲ. ತೆಗೆಯಲ್ಲ ಅಂದರೆ ಊರಲ್ಲಿ ಇನ್ನೊಬ್ಬ ಡೀಲರ್ ಇದ್ದಾರೆ.

ಹಾಗಾದರೆ ಯಾರಿಗೆ ಬೇಕು?

ಕಾರು ವರ್ಷವಿಡೀ ಬಯಲಲ್ಲೇ ನಿಲ್ಲುತ್ತೆ, ಮೇಲೆ ಮರ ಇದೆ, ಹಕ್ಕಿಗಳಿವೆ, ಆ ಕಾರನ್ನು ಎಂಟು ಹತ್ತು ವರ್ಷ ಇಟ್ಟುಕೊಳ್ಳುವ ಯೋಚನೆ ಇದೆ ಅಂದರೆ ಯಾವುದಾದರೂ ಒಂದು ಲೇಪ ಹಚ್ಚೋದು ಒಳ್ಳೆಯದೇ. ಕಪ್ಪು ಕಾರಿನಲ್ಲಿ ಗೀರು ಬೇಗ ಕಾಣುತ್ತೆ, ಅದಕ್ಕೆ ಆರೈಕೆ ಸ್ವಲ್ಪ ಜಾಸ್ತಿ ಬೇಕು. ಗ್ಯಾರೇಜಿನಲ್ಲಿ ನಿಲ್ಲುವ ಕಾರು, ಮೂರು ವರ್ಷಕ್ಕೆ ವಾಪಸ್ ಕೊಡುವ ಲೀಸ್ ಕಾರು ಆದರೆ ದುಬಾರಿ ಲೇಪದ ಅಗತ್ಯ ಕಡಿಮೆ.

ಮನೆಯಲ್ಲಿ ಮಾಡೋಕೆ ಸಮಯ ಇಲ್ಲ, ದುಡ್ಡು ಇದೆ, ಸಿರಾಮಿಕ್ಕೇ ಬೇಕು ಅನ್ನುವವರು ಆ ಕೆಲಸವನ್ನೇ ಮಾಡುವ ಡೀಟೇಲಿಂಗ್ ಅಂಗಡಿಗಳಲ್ಲೂ ವಿಚಾರಿಸಬೇಕು. ಲೇಪ ಹಚ್ಚೋಕಿಂತ ಮೊದಲು ಕಾರನ್ನು ತೊಳೆದು, ಅಂಟಿದ ಕಣಗಳನ್ನೆಲ್ಲ ತೆಗೆದು, ಗೀರಿದ್ದರೆ ಪಾಲಿಶ್ ಮಾಡಿ ಸಿದ್ಧಪಡಿಸಬೇಕು. ನಿಜವಾದ ಶ್ರಮ ಇರೋದೇ ಅಲ್ಲಿ. ಬಾಟಲಿಯ ಮೇಲಿನ ಹೆಸರಿಗಿಂತ "ಯಾರು ಹಚ್ತಾರೆ, ಎಷ್ಟು ಗಂಟೆ ಕೆಲಸ, ಮೊದಲು ಏನೇನು ಮಾಡ್ತೀರಿ?" ಅನ್ನುವ ಪ್ರಶ್ನೆಗೆ ಸಿಗುವ ಉತ್ತರ ಮುಖ್ಯ. ಡೀಲರ್ ಹತ್ತಿರವೂ ಇದನ್ನೇ ಕೇಳಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಸೀಲಂಟನ್ನು ಕಾರು ಕೊಂಡ ದಿನವೇ ಹಾಕಿಸಬೇಕು ಅಂತ ಏನೂ ಇಲ್ಲ. ಮುಂದಿನ ವಾರ ಹಚ್ಚಬಹುದು, ಮುಂದಿನ ತಿಂಗಳು ಹಚ್ಚಬಹುದು. ಆದ್ದರಿಂದ ಸಾಲದ ಕಾಗದಕ್ಕೆ ಸಹಿ ಹಾಕುವ ರಾತ್ರಿ, ಆ ಚಿಕ್ಕ ಕೋಣೆಯಲ್ಲಿ ಕೂತು ತೀರ್ಮಾನ ಮಾಡುವ ವಿಷಯವೇ ಅಲ್ಲ ಇದು. "ಇವತ್ತು ಬೇಡ, ಮನೆಗೆ ಹೋಗಿ ಯೋಚನೆ ಮಾಡ್ತೀವಿ" ಅಂತ ನಗುತ್ತಲೇ ಹೇಳಬಹುದು. ಅದರಲ್ಲಿ ಅಗೌರವ ಇಲ್ಲ. ಎದುರಿಗಿರುವವರು ಅವರ ಕೆಲಸ ಮಾಡ್ತಿದ್ದಾರೆ, ನಾವು ನಮ್ಮ ಮನೆಯ ಕೆಲಸ ಮಾಡ್ತಿದ್ದೀವಿ.

ದುಡ್ಡಿಲ್ಲದ ಆರೈಕೆ

ಲೇಪ ಇರಲಿ, ಇಲ್ಲದಿರಲಿ, ಇವು ಎಲ್ಲ ಕಾರಿಗೂ ಒಳ್ಳೆಯದು. ಹಕ್ಕಿ ಹಿಕ್ಕೆ ಕಂಡ ಕೂಡಲೇ ಒದ್ದೆ ಬಟ್ಟೆ ಇಟ್ಟು, ನೆನೆಸಿ, ಮೆಲ್ಲಗೆ ಎತ್ತಿ ತೆಗೀರಿ. ಬಿಸಿಲಲ್ಲಿ ಕಾದ ಕಾರನ್ನು ತೊಳೆಯಬೇಡಿ. ಮೊದಲು ಬರೀ ನೀರು ಹಾಕಿ ಮಣ್ಣು ಇಳಿಸಿ, ಆಮೇಲೆ ಸೋಪು. ಎರಡು ಬಕೆಟ್ ಇಟ್ಟುಕೊಳ್ಳಿ: ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು. ಮಣ್ಣಿನ ಕಣ ಬಟ್ಟೆಯಲ್ಲಿ ಉಳಿದರೆ ಅದೇ ಗೀರು ಹಾಕುತ್ತೆ.

ಹೊಸ ಕಾರಿಗೆ ಪೂಜೆ ಮಾಡಿಸಿದಾಗಲೂ ಇದನ್ನು ನೆನಪಿಡಿ. ಬಾನೆಟ್ ಮೇಲೆ ಹಚ್ಚಿದ ಅರಿಶಿನ, ಕುಂಕುಮವನ್ನು ಒಣಬಟ್ಟೆಯಲ್ಲಿ ಉಜ್ಜಬೇಡಿ. ಬಿಸಿಲಲ್ಲಿ ದಿನಗಟ್ಟಲೆ ಬಿಡಲೂ ಬೇಡಿ. ಮನೆಗೆ ಬಂದು ಧಾರಾಳವಾಗಿ ನೀರು ಹಾಕಿ ತೊಳೆದರೆ ಕಲೆ ಉಳಿಯುವ ಭಯ ಕಡಿಮೆ.

ಮಾಡಿ ನೋಡಿ

ಈ ಬೇಸಿಗೆಯಲ್ಲಿ ಅಪ್ಪ ಅಮ್ಮನ ಅನುಮತಿ ಕೇಳಿ ಒಂದು ಪ್ರಯೋಗ ಮಾಡಿ. ಕಾರಿನ ಬಾನೆಟ್ಟನ್ನು ಚೆನ್ನಾಗಿ ತೊಳೆದು ಒಣಗಿಸಿ. ನೆರಳಲ್ಲಿ ನಿಲ್ಲಿಸಿ, ನಡುವೆ ಪೇಂಟರ್‌ಗಳು ಬಳಸುವ ನೀಲಿ ಟೇಪನ್ನು ಉದ್ದಕ್ಕೆ ಅಂಟಿಸಿ. ಒಂದು ಪಕ್ಕಕ್ಕೆ ಮಾತ್ರ, ಬಾಟಲಿಯ ಮೇಲೆ ಬರೆದಿರುವ ಹಾಗೆ, ಸೀಲಂಟ್ ಹಚ್ಚಿ ಟೇಪ್ ಕೀಳಿ. ಎರಡೂ ಪಕ್ಕಕ್ಕೆ ಒಂದೊಂದು ಲೋಟ ನೀರು ಹಾಕಿ ಫೋಟೋ ತೆಗೀರಿ.

ಪ್ರತಿ ತಿಂಗಳ ಮೊದಲ ಭಾನುವಾರ ಬಾನೆಟ್ ತೊಳೆದು ಹೀಗೇ ನೀರು ಹಾಕಿ, ಫೋಟೋ ತೆಗೆದು, ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಎರಡು ಸಾಲು ಬರೆಯಿರಿ. ಹನಿ ದುಂಡಗಿದೆಯಾ, ಚಪ್ಪಟೆಯಾಗಿದೆಯಾ? ಯಾವ ಪಕ್ಕ ಬೇಗ ಸ್ವಚ್ಛವಾಯ್ತು? ಎರಡೂ ಪಕ್ಕ ಒಂದೇ ಥರ ಕಾಣುವ ತಿಂಗಳು ಬಂದರೆ, ಆ ಲೇಪದ ಆಯಸ್ಸು ಮುಗೀತು ಅಂತ ತಿಳಿಯಿರಿ. ಬಾಟಲಿಯ ಮೇಲೆ ಬರೆದಿದ್ದ ತಿಂಗಳಿಗೂ ನೀವು ಕಂಡ ತಿಂಗಳಿಗೂ ಎಷ್ಟು ಅಂತರ ಇದೆ ನೋಡಿ. ಮುಂದಿನ ಸಲ ಯಾರಾದರೂ ನಿಮ್ಮ ಮನೆಯವರಿಗೆ ದುಬಾರಿ ಲೇಪ ಮಾರೋಕೆ ಬಂದಾಗ, ಉತ್ತರ ನಿಮ್ಮ ನೋಟ್‌ಬುಕ್ಕಿನಲ್ಲೇ ಇರುತ್ತೆ. ಬರೆದದ್ದನ್ನು ತರಗತಿಗೆ ತನ್ನಿ, ಎಲ್ಲರ ಫಲಿತಾಂಶವನ್ನೂ ಹೋಲಿಸಿ ನೋಡೋಣ.